ದುಗ್ಗಿ ಮೀನಿಗೆ ಬಾಯಿ ಮುಚ್ಚೋದು ಕಲಿಸಿದ್ದು

ಹತ್ರ ಬಾ ಮಗಾ, ಕಾಲು ಕಂಬಳಿ ಒಳಗೆ ಎಳ್ಕೋ. ಕಣ್ಣು ಮುಚ್ಕೊಂಡೇ ಕೇಳು, ಕತೆಗೆ ಕಿವಿ ಇದ್ರೆ ಸಾಕು.

ಒಂದಾನೊಂದು ಕಾಲ, ಹೊಳೆಗೆ ಇನ್ನೂ ಸಂಕ ಕಟ್ಟದೇ ಇದ್ದ ಕಾಲ, ಹೊಳೆ ಹೋಗಿ ಸಮುದ್ರ ಸೇರೋ ಅಳಿವೆಯ ದಂಡೆ ಮೇಲೆ ಕಂಡ್ಲಕೊಪ್ಪ ಅಂತ ಒಂದು ಊರಿತ್ತಂತೆ. ಉಪ್ಪುನೀರಲ್ಲಿ ಬೇರು ಬಿಟ್ಕೊಂಡು ನಿಂತಿರ್ತದಲ್ಲ ಕಂಡ್ಲ ಗಿಡ, ಅದು ಊರ ಸುತ್ತ ಬೇಲಿ ಹಾಕಿದ ಹಂಗೆ ಬೆಳ್ದಿತ್ತಂತೆ, ಅದಕ್ಕೇ ಆ ಹೆಸರು. ಅಲ್ಲಿ ಜಟ್ಟಪ್ಪ ಅಂತ ಒಬ್ಬ ಅಂಬಿಗ. ಗಾಳ ಹಾಕೋದ್ರಲ್ಲಿ ಅವನ ಮನೆಯವರನ್ನ ಮೀರಿಸೋರು ಆ ಹೊಳೆ ಮೇಲೇ ಇರ್ಲಿಲ್ವಂತೆ. ಆದ್ರೆ ತೊರಕೆ ಮೀನಿನ ಮುಳ್ಳು ಚುಚ್ಚಿ ಅವನ ಒಂದು ಕಾಲು ಸೊಟ್ಟಾಗಿ, ಪಾಪ, ಜಗಲಿ ಮೇಲೇ ಕೂತಿರ್ತಿದ್ನಂತೆ.

ಅವನಿಗೆ ಮೂರು ಮಕ್ಕಳು. ದೊಡ್ಡವನು ಈರ, ಮೈ ನೋಡಿದ್ರೆ ಎತ್ತು, ಎದೆ ನೋಡಿದ್ರೆ ಇಲಿ. ಎರಡನೆಯವನು ಕುಪ್ಪ, ಹೊಳೆಯೋದು ಏನು ಕಂಡ್ರೂ ಅದ್ರ ಹಿಂದೆ ಹೋಗೋನು. ಮೂರನೆಯದು ಹೆಣ್ಣು, ದುಗ್ಗಿ. ಈ ದುಗ್ಗಿ ಹುಟ್ಟಿದಾಗ ಅಳಲೇ ಇಲ್ವಂತೆ. ಸೂಲಗಿತ್ತಿ ಬೆನ್ನು ತಟ್ಟಿದ್ಲು, ಅಂಗಾಲು ತಿಕ್ಕಿದ್ಲು, ಊಹೂಂ. ಎಲ್ರೂ ಹೆದ್ರಿ ಬೆವ್ತು, ಆಮೇಲೆ ಸುಮ್ನಾದ್ರಂತೆ, ಆವಾಗ ತನಗೆ ಬೇಕಾದ ಹೊತ್ತಿಗೆ ತಾನೇ ಅತ್ತಿತಂತೆ. ಜಟ್ಟಪ್ಪ ಅವತ್ತೇ ಅಂದ್ನಂತೆ, ಇದ್ರ ಕೈಲಿ ಯಾರಿಗೂ ಹೇಳಿ ಕೆಲ್ಸ ಮಾಡ್ಸೋಕೆ ಆಗಲ್ಲ ಅಂತ.

ಆ ಕಾಲದ ಮೀನು ಈಗಿನ ಹಂಗಲ್ಲ ಮಗಾ. ಬೇಡ ಅನ್ನೋದು ಅವಕ್ಕೆ ಗೊತ್ತೇ ಇರ್ಲಿಲ್ಲ. ಗಾಳ ನೀರಿಗೆ ಬಿದ್ದ ಕೂಡ್ಲೇ ಗಪ್ ಅಂತ ಹಿಡೀತಿದ್ವು. ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ದೋಣಿ ಹತ್ತಿದ್ರೆ, ಅದನ್ನ ಉಗಿಯೋ ಹೊತ್ತಿಗೆ ಬುಟ್ಟಿ ತುಂಬ್ತಿತ್ತಂತೆ. ಹಂಗಂತ ಕಂಡ್ಲಕೊಪ್ಪದವರು ಬೇಕಾಬಿಟ್ಟಿ ಹಿಡೀತಿರ್ಲಿಲ್ಲ. ಮಿರ್ಗದ ಮಳೆ ಬಿದ್ದು ಹೊಳೆಯಲ್ಲಿ ಕೆಂಪು ನೀರು ಇಳೀತು ಅಂದ್ರೆ, ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡ ಮೀನೆಲ್ಲ ಅಳಿವೆಗೆ ಬರ್ತಾವೆ. ಅವು ಮೊಟ್ಟೆ ಇಟ್ಟು, ಮರಿಯಾಗಿ, ಆ ಮರಿ ಕಂಡ್ಲದ ಬೇರಿನ ಸಂದಿಯಲ್ಲಿ ಬೆಳೀಬೇಕು. ಅದಕ್ಕೆ ಆ ಮಳೆಯಿಂದ ಹಿಡ್ದು ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡೋವರೆಗೆ ಊರಲ್ಲಿ ಯಾರೂ ಗಾಳ ಮುಟ್ತಿರ್ಲಿಲ್ಲ. ಒಣಗಿಸಿಟ್ಟ ಸಿಗಡಿ, ಉಪ್ಪುನೀರು ನುಗ್ಗೋ ಗಜನಿ ಗದ್ದೆಯಲ್ಲಿ ಬೆಳೆಯೋ ಕಗ್ಗದಕ್ಕಿ ಗಂಜಿ, ಇಷ್ಟರಲ್ಲೇ ಮಳೆಗಾಲ ಕಳೀತಿದ್ರಂತೆ.

ಆಮೇಲೆ ಏನಾಯ್ತು ಅಂದ್ರೆ, ಆ ಊರಿನ ಹಿಂದಿನ ಗುಡ್ಡದ ಮೇಲೆ ಒಂದು ಕೋಟೆ, ಕೋಟೆಯಲ್ಲಿ ಒಬ್ಬ ದೊರೆ. ಒಂದು ಮಳೆಗಾಲ ಅವನ ಅಡುಗೆಯವನು ಎಲ್ಲಿಂದಲೋ ಒಂದು ಮೊಟ್ಟೆ ಮೀನು ತಂದು, ಒಳಗಿನ ಮೊಟ್ಟೆ ತೆಗ್ದು, ಖಾರ ಹಚ್ಚಿ, ತೆಂಗಿನೆಣ್ಣೆಯಲ್ಲಿ ಹುರಿದು ಬಡಿಸಿದ್ನಂತೆ. ದೊರೆ ಒಂದು ತುತ್ತು ತಿಂದ. ಅಷ್ಟೇ! ಆಮೇಲೆ ಅನ್ನ ರುಚಿಸ್ಲಿಲ್ಲ, ಕೋಳಿ ರುಚಿಸ್ಲಿಲ್ಲ, ಹಾಲು ಬೆಲ್ಲವೂ ರುಚಿಸ್ಲಿಲ್ಲ. ನನಗೆ ದಿನಾ ಒಂದು ಹಂಡೆ ಮೊಟ್ಟೆ ಮೀನು ಬೇಕು, ಜಟ್ಟಪ್ಪನ ಮನೆಯವರೇ ತರ್ಬೇಕು ಅಂತ ಹುಕುಂ ಮಾಡಿದ್ನಂತೆ. ಬಲೆ ಹಾಕೋ ಹಂಗಿಲ್ಲ, ಕೆಂಪು ನೀರಲ್ಲಿ ದೊಡ್ಡ ದೊಡ್ಡ ಮರದ ದಿಮ್ಮಿ ತೇಲ್ಕೊಂಡು ಬಂದು ಬಲೆ ಚಿಂದಿ ಮಾಡ್ತಾವಲ್ಲ, ಹಂಗಾಗಿ ಗಾಳವೇ ಗತಿ.

ಮೊದಲ ದಿನ ದೊರೆಯ ಆಳು ಬಂದು ಈರನ ಮುಂದೆ ದೊಣ್ಣೆ ನೆಲಕ್ಕೆ ಕುಟ್ಟಿದ್ನಂತೆ. ಈರ ಹೆದ್ರಿ, ಹೋಗಿ ಒಂದು ಹಂಡೆ ಹಿಡ್ಕೊಂಡು ಬಂದ. ಎರಡನೇ ದಿನ ಆಳು ಕುಪ್ಪನ ಮುಂದೆ ಒಂದು ಬೆಳ್ಳಿ ಕಡಗ ಅಲ್ಲಾಡಿಸಿದ್ನಂತೆ. ಕುಪ್ಪ ಕಡಗ ಕೈಗೆ ಏರಿಸ್ಕೊಂಡು, ಹೋಗಿ ಒಂದು ಹಂಡೆ ಹಿಡ್ಕೊಂಡು ಬಂದ. ಎರಡು ದಿನವೂ ಜಟ್ಟಪ್ಪ ಮಕ್ಕಳ ಮುಖ ನೋಡ್ಲಿಲ್ಲ, ಗೋಡೆ ಕಡೆ ತಿರುಗಿ ಮಲ್ಗಿದ್ನಂತೆ. ಮೂರನೇ ದಿನ ಆಳು ಬಂದಾಗ ದುಗ್ಗಿ ಒರಳಲ್ಲಿ ಭತ್ತ ಕುಟ್ತಾ ಇದ್ಲು. ಇವತ್ತು ನಿನ್ನ ಸರದಿ, ಹೊರಡು ಅಂದ್ನಂತೆ. ದುಗ್ಗಿ ಒನಕೆ ನಿಲ್ಲಿಸ್ಲೇ ಇಲ್ಲ.

ನಾ ಹೋಗಲ್ಲ ಅಂದ್ಲಂತೆ.

ದೊಣ್ಣೆ ಕುಟ್ಟಿದ. ಕುಟ್ಟು, ನೆಲ ನಮ್ಮದಲ್ಲ, ದೊರೆದೇ ಅಂದ್ಲಂತೆ. ಬೆಳ್ಳಿ ತೋರಿಸ್ದ. ನನ್ನ ಕೈಗೆ ಗಾಜಿನ ಬಳೆ ಚಂದ ಅಂದ್ಲಂತೆ. ಆಳಿಗೆ ಏನು ಮಾಡ್ಬೇಕು ತಿಳೀಲಿಲ್ಲ. ಕೋಟೆಗೆ ಓಡಿ ಹೋಗಿ ನಾಲ್ಕು ಜನರನ್ನ ಕರ್ಕೊಂಡು ಬಂದು, ಜಗಲಿ ಮೇಲೆ ಕೂತಿದ್ದ ಜಟ್ಟಪ್ಪನನ್ನ ಕಂಬಳಿ ಸಮೇತ ಎತ್ತಿ ಹೊತ್ಕೊಂಡು ಹೋದ್ರಂತೆ. ಹೋಗ್ತಾ ಹೇಳಿದ್ದೇನು ಅಂದ್ರೆ, ಮೂರು ದಿನದ ವಾಯಿದೆ, ಅಷ್ಟರೊಳಗೆ ಒಂದು ಹಂಡೆ ಮೊಟ್ಟೆ ಮೀನು ಬಂದ್ರೆ ಅಪ್ಪ ಮನೆಗೆ, ಬರ್ದೇ ಹೋದ್ರೆ ಅಪ್ಪ ಹೊಳೆಗೆ.

ಈರ ಎದೆ ಬಡ್ಕೊಂಡ. ಕುಪ್ಪ ಬೈದ. ನಿನ್ನ ಹಟಕ್ಕೆ ಅಪ್ಪನ ಜೀವ ಹೋಗ್ತದಲ್ಲೇ ತಂಗೀ, ನಾಳೆ ಬೆಳಿಗ್ಗೆ ನಾವೇ ಗಾಳ ಹಾಕ್ತೇವೆ, ನೀನು ಮನೇಲಿ ಬಿದ್ಕೋ ಅಂದ್ರಂತೆ. ದುಗ್ಗಿಗೆ ಬೇರೆಯೇ ಯೋಚನೆ. ಇವತ್ತು ನಾನು ಒಂದು ಹಂಡೆ ಕೊಟ್ರೆ ನಾಳೆ ಇನ್ನೊಂದು ಹಂಡೆ ಕೇಳ್ತಾನೆ. ನಾಳಿದ್ದು ಇನ್ನೊಂದು. ಹಿಂಗೇ ಆದ್ರೆ ಬರೋ ವರ್ಷ ಅಳಿವೆಯಲ್ಲಿ ಮೀನೇ ಇರಲ್ಲ, ಆಮೇಲೆ ಊರೂ ಇರಲ್ಲ ಅಂತ ಅವಳ ತಲೆಯಲ್ಲಿ ಓಡ್ತಿತ್ತಂತೆ.

ಆವಾಗ ಹೊಳೆ ಇಳಿತದಲ್ಲಿತ್ತು. ಒಂದು ಗಡಿಗೆ ಬಿಸಿ ಗಂಜಿ, ಒಂದು ಹಿಡಿ ಸಿಗಡಿ, ಒಂದು ನೂಲು, ಇಷ್ಟು ತಗೊಂಡು ದುಗ್ಗಿ ಕಂಡ್ಲದ ಸಂದಿಯಲ್ಲಿ ಸೊಂಟದ ಮಟ ನೀರಿಗೆ ಇಳಿದ್ಲಂತೆ. ಅಲ್ಲಿ ಒಂದು ಮುದಿ ಕುರಡೆ ಮೀನು ಇತ್ತು. ಎಷ್ಟು ದೊಡ್ಡದು ಅಂದ್ರೆ ನೀನು ಚಿಕ್ಕದಿದ್ದಾಗ ಮಲಗ್ತಿದ್ದ ತೊಟ್ಟಿಲಷ್ಟು. ಆ ಹೊಳೆಯ ಮೀನಿಗೆಲ್ಲ ಅದೇ ಹಿರಿತಲೆ. ಎಲ್ರೂ ಅದನ್ನ ಕುರಡೆ ಅಜ್ಜಿ ಅಂತಿದ್ರಂತೆ. ಅದು ನೀರಿಂದ ಮುಖ ಎತ್ತಿ ಕೇಳ್ತಂತೆ, ನಿಮ್ಮಣ್ಣಂದಿರು ಬಂದು ಹೋದ್ರು, ನೀನೂ ಬಂದ್ಯಾ, ಯಾರನ್ನ ಒಯ್ತೀ ಹೇಳು ಅಂತ.

ಒಯ್ಯೋಕೆ ಬಂದಿಲ್ಲ, ಹೇಳೋಕೆ ಬಂದೆ ಅಂದ್ಲು ದುಗ್ಗಿ. ನೀವು ಬಾಯಿ ಮುಚ್ಕೊಳ್ಳಿ.

ಕುರಡೆ ಅಜ್ಜಿಗೆ ಅರ್ಥವೇ ಆಗ್ಲಿಲ್ಲ. ಸಿಗಡಿ ಕಣ್ಣಿಗೆ ಬಿದ್ರೆ ನಮ್ಮ ಬಾಯಿ ತಾನಾಗೇ ತೆರೀತದೆ ತಂಗೀ, ನಮ್ಮ ತಾಯಿಯದೂ ಹಂಗೇ, ತಾಯಿಯ ತಾಯಿಯದೂ ಹಂಗೇ, ನಾವೇನು ಮಾಡೋಣ ಅಂತು. ದುಗ್ಗಿಗೆ ಸಿಟ್ಟು ಬಂತಂತೆ.

ಬಾಯಿ ನಿನ್ನದಾ, ಸಿಗಡಿದಾ?

ನನ್ನದೇ ಅಂತು ಕುರಡೆ.

ಹಂಗಾದ್ರೆ ನೀನು ಹೇಳಿದ್ ಮಾತು ಅದು ಕೇಳ್ಬೇಕು, ಅದು ಹೇಳಿದ್ ಮಾತು ನೀನಲ್ಲ.

ಆಮೇಲೆ ದುಗ್ಗಿ ನೂಲಿಗೆ ಒಂದು ಸಿಗಡಿ ಕಟ್ಟಿ, ಗಾಳ ಇಲ್ದೇ ಬರೀ ಸಿಗಡಿ, ನೀರಿಗೆ ಇಳಿಸಿದ್ಲಂತೆ. ಗಪ್! ಒಂದು ಕೆಂಬೇರಿ ಮೀನು ನುಂಗಿಬಿಡ್ತು. ಛೀ ಅಂದು ಇನ್ನೊಂದು ಕಟ್ಟಿ ಇಳಿಸಿದ್ಲು. ಮೀನೆಲ್ಲ ಸುತ್ತ ನಿಂತು ತಡ್ಕೊಂಡ್ವು, ತಡ್ಕೊಂಡ್ವು, ಕೊನೆಗೆ ಗಪ್! ಈ ಸಲ ಬಾಯಿ ಹಾಕಿದ್ದು ಯಾರು ಗೊತ್ತಾ? ಕುರಡೆ ಅಜ್ಜಿನೇ. ಅದಕ್ಕೆ ನಾಚಿಕೆಯಾಗಿ ಕೆಸರಲ್ಲಿ ಮುಖ ಮುಚ್ಕೊಂಡಿತಂತೆ. ಹಸಿವೆ ತಂಗೀ, ನಿನಗೇನು ಗೊತ್ತು, ನೀನು ಮನೆಗೆ ಹೋಗಿ ಗಂಜಿ ಕುಡೀತೀ ಅಂತು. ಆವಾಗ ದುಗ್ಗಿ ಆ ಗಂಜಿ ಗಡಿಗೆಯನ್ನ ಕಂಡ್ಲದ ಬೇರಿನ ಮೇಲೆ, ತನ್ನ ಮೂಗಿನ ಎದುರಿಗೇ ಇಟ್ಕೊಂಡ್ಲು. ಹಬೆ ಏಳ್ತಿದೆ. ಬೆಳಿಗ್ಗೆಯಿಂದ ಅವಳೂ ಏನೂ ತಿಂದಿರ್ಲಿಲ್ಲ. ನೋಡು, ನೀವು ಬಾಯಿ ಬಿಡೋವರೆಗೆ ನಾನೂ ಬಿಡಲ್ಲ, ಯಾರು ಸೋಲ್ತಾರೆ ನೋಡೋಣ ಅಂದು ಮೂರನೇ ಸಿಗಡಿ ಇಳಿಸಿದ್ಲಂತೆ. ಸಿಗಡಿ ನೀರಲ್ಲಿ ತೂಗ್ತು, ತಿರುಗ್ತು. ಗಂಜಿ ಆರ್ತು, ಕೆನೆ ಕಟ್ತು. ಹೊಳೆ ಇಳಿದು, ತಿರುಗಿ ಏರೋಕೆ ಶುರುವಾಯ್ತು. ಒಂದು ಮೀನೂ ಬಾಯಿ ತೆರೀಲಿಲ್ಲ. ದುಗ್ಗಿ ಆ ಗಂಜಿಯನ್ನ ಹೊಳೆಗೇ ಸುರಿದು ಮನೆಗೆ ಹೋದ್ಲಂತೆ.

ಮಾರನೇ ದಿನ, ವಾಯಿದೆಯ ಮೊದಲ ದಿನ, ಈರ ಕುಪ್ಪ ಇಬ್ರೂ ದೋಣಿ ಹತ್ತಿ ಗಾಳ ಹಾಕಿದ್ರು. ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡ್ರು, ಉಗಿದ್ರು, ಇನ್ನೊಂದು ಹಾಕ್ಕೊಂಡ್ರು, ಅದನ್ನೂ ಉಗಿದ್ರು. ನೂಲು ಅಲ್ಲಾಡ್ಲೇ ಇಲ್ಲ. ಗಾಳ ಎಳ್ದು ನೋಡಿದ್ರೆ ಸಿಗಡಿ ಇದ್ದ ಹಾಗೇ ಇದೆ, ಮೀಸೆ ಕೂಡ ಮುರಿದಿಲ್ಲ. ಹುಟ್ಟಿದ ಮೇಲೆ ಇಂಥದ್ದನ್ನ ಅವರು ಕಂಡಿರ್ಲಿಲ್ಲ. ಹೊಳೆಗೆ ಏನೋ ಆಗಿದೆ ಅಂತ ಹೆದ್ರಿಕೊಂಡು ಮನೆಗೆ ಬಂದ್ರಂತೆ. ದುಗ್ಗಿ ಮೂಲೆಯಲ್ಲಿ ಕೂತು ತೆಂಗಿನ ನಾರು ಹೊಸೀತಿದ್ಲು, ಕೇಳಿಸ್ಕೊಂಡ್ಲು, ಹೊಸೀತಾನೇ ಇದ್ಲು.

ಎರಡನೇ ದಿನ ದೊರೆ ತೆಂಕಣ ಕಡೆಯಿಂದ ಪಳಗಿದ ಹನ್ನೆರಡು ಮಂದಿ ಗಾಳದವರನ್ನ ಕರೆಸಿದ್ನಂತೆ. ಅವರು ಒಬ್ಬ ಜೀವಂತ ಸಿಗಡಿ, ಒಬ್ಬ ಏಡಿಯ ಮಾಂಸ, ಒಬ್ಬ ಹುರಿದ ಹಿಟ್ಟಿಗೆ ಬೆಲ್ಲ ಕಲಸಿದ ಉಂಡೆ, ಹಿಂಗೆ ಏನೇನೋ ಸಿಕ್ಕಿಸಿ ಹಾಕಿದ್ರು. ಮೀನಿಗೆ ಆ ವಾಸನೆಗೇ ತಲೆ ತಿರುಗ್ತಿತ್ತು. ಒಂದು ಎಳೇ ಕೆಂಬೇರಿ, ಮೊದಲ ಸಲ ಬಸುರಿ ಬೇರೆ, ತಡ್ಕೊಳ್ಳೋಕಾಗ್ದೇ ಬೆಲ್ಲದ ಉಂಡೆ ಹತ್ರ ಹೋಗಿ ಬಾಯಿ ಇಷ್ಟು ತೆರೀತು, ಇಷ್ಟೇ ಇಷ್ಟು, ಅಷ್ಟರಲ್ಲಿ ಕುರಡೆ ಅಜ್ಜಿ ಬಾಲದಲ್ಲಿ ರಪ್ ಅಂತ ಬಾರಿಸ್ತಂತೆ. ಹನ್ನೆರಡು ಮಂದಿ ಸಂಜೆಗೆ ಖಾಲಿ ಬುಟ್ಟಿ ತಲೆ ಮೇಲೆ ಕವುಚಿ ಹಾಕ್ಕೊಂಡು, ಮಳೆಯಲ್ಲಿ ತಮ್ಮ ಊರಿಗೆ ಹೋದ್ರು.

ಅದೇ ಸಂಜೆ ದುಗ್ಗಿ ಕೋಟೆಗೆ ಹೋದ್ಲು, ಅಪ್ಪನಿಗೆ ಗಂಜಿ ತಗೊಂಡು. ಅವನನ್ನ ಕುದುರೆ ಲಾಯದಲ್ಲಿ ಹುಲ್ಲಿನ ಮೇಲೆ ಕೂರಿಸಿದ್ರಂತೆ. ಮೀನಿಗೆ ಕೊಟ್ಟ ಮಾತಿಗೆ ಊಟ ಬಿಟ್ಟು ಅವಳಿಗೆ ಎರಡು ದಿನ ಕಳ್ದಿತ್ತು. ಅಪ್ಪನನ್ನ ನೋಡಿದ್ದೇ, ಅಲ್ಲಿವರೆಗೆ ಗಟ್ಟಿ ಇದ್ದೋಳು ಬಾಗಿಲಲ್ಲೇ ಕುಸಿದ್ಲಂತೆ. ಅಪ್ಪಾ, ಮೀನಿಗೆ ಬಾಯಿ ಮುಚ್ಚೋಕೆ ಹೇಳಿದ್ದು ನಾನೇ, ನಾಳೆ ನಿನ್ನನ್ನ ಹೊಳೆಗೆ ಹಾಕ್ತಾರಂತೆ, ನಾನೇ ಹೋಗಿ ಕೈಮುಗಿದು ಕೇಳ್ಕೊಂಡ್ರೆ ಅವು ಬಾಯಿ ಬಿಡ್ತಾವೆ, ಕೇಳ್ಲಾ ಅಪ್ಪಾ, ಒಂದೇ ಒಂದು ಹಂಡೆ ಅಂತ ಅತ್ತುಬಿಟ್ಲು.

ಜಟ್ಟಪ್ಪ ಗಂಜಿ ಗಡಿಗೆ ಕೆಳಗಿಟ್ಟ. ಮಗಳ ತಲೆ ಮೇಲೆ ಕೈ ಇಟ್ಟ. ನನ್ನ ಎರಡು ಗಂಡುಮಕ್ಕಳು ಮೊಟ್ಟೆ ಮೀನು ಹಿಡಿದಾಗ ನಾನು ಗೋಡೆ ಕಡೆ ತಿರುಗಿ ಮಲ್ಗಿದ್ದೆ, ಇವತ್ತು ನಿನ್ನ ಮುಖ ನೋಡ್ತಿದ್ದೇನೆ ಅಂದ್ನಂತೆ. ಈ ಕೋಟೆಯಿಂದ ನಾನು ತೆವಳ್ಕೊಂಡಾದ್ರೂ ಮನೆಗೆ ಬಂದೇನು ಮಗಾ, ಮೊಟ್ಟೆ ಮೀನಿನ ಬದ್ಲಿಗೆ ಮಾತ್ರ ಬರೋನಲ್ಲ. ಹೋಗು, ಕಣ್ಣು ಒರ್ಸ್ಕೋ.

ದುಗ್ಗಿ ಎದ್ಲು, ಕಣ್ಣು ಒರ್ಸ್ಕೊಂಡ್ಲು, ಹೋದ್ಲು.

ಆಮೇಲೆ ಮೂರನೇ ದಿನ. ಬೆಳಿಗ್ಗೆ ದೊರೆ ತಾನೇ ಕೋಟೆ ಇಳಿದು ಬಂದ್ನಂತೆ. ಯಾರ ಕೈಲೂ ಆಗ್ದಿದ್ರೆ ನಾನೇ ಹಿಡೀತೇನೆ ಅಂತ ಜಂಬ. ದೋಣಿಗೆ ಹುಟ್ಟು ಹಾಕೋಕೆ ಈರ ಕುಪ್ಪ, ಮುಂದುಗಡೆ ದೊರೆ ಗಾಳ ಹಿಡ್ಕೊಂಡು, ಅವನ ಪಕ್ಕ ದೊಣ್ಣೆಯ ಆಳು, ನಡುವೆ ಜಟ್ಟಪ್ಪನನ್ನ ಕೈ ಕಟ್ಟಿ ಕೂರಿಸಿದ್ರು. ದುಗ್ಗಿ ಕರೀದೇ ಇದ್ರೂ ಬಂದು ಹತ್ತಿ ಅಪ್ಪನ ಪಕ್ಕ ಕೂತ್ಲಂತೆ. ಊರವರೆಲ್ಲ ದಂಡೆ ಮೇಲೆ ಮಳೆಯಲ್ಲಿ ನೆನೀತಾ ನಿಂತಿದ್ರು.

ದೊರೆ ಗಾಳ ಹಾಕಿದ. ಹೊಳೆ ತುಂಬ್ತಾ ಬಂತು, ತುಂಬಿ ನಿಂತಿತು. ಮೀನು ಕಚ್ಲಿಲ್ಲ. ಮಧ್ಯಾಹ್ನವಾಯ್ತು, ದೊರೆಗೆ ಹೊಟ್ಟೆ ಚುರುಗುಟ್ತು. ಮೀನಿನ ಮೊಟ್ಟೆ ಬಿಟ್ಟು ಬೇರೇನೂ ರುಚಿಸ್ದೇ, ಅವನೂ ಉಣ್ಣದೇ ಮೂರು ದಿನ ಆಗಿತ್ತಲ್ಲ! ನೀರು ಇಳಿಯೋಕೆ ಶುರುವಾಯ್ತು. ಮೀನೆಲ್ಲ ದೋಣಿಯ ಸುತ್ತಲೇ ಬೆನ್ನು ತೋರಿಸ್ತಾ ಓಡಾಡ್ತಿವೆ, ಕೈ ಚಾಚಿದ್ರೆ ತಾಗ್ತಾವೆ, ಆದ್ರೆ ಒಂದೂ ಬಾಯಿ ಹಾಕ್ತಿಲ್ಲ. ದೊರೆ ಗಾಳ ಎಸ್ದು ಕೂಗಿದ, ಯಾರು ಇವಕ್ಕೆ ಏನು ಮಾಟ ಮಾಡಿದ್ದು ಅಂತ.

ಮಾಟ ಇಲ್ಲ ಒಡೆಯಾ, ಬಾಯಿ ಮುಚ್ಚೋದು ಹೆಂಗೆ ಅಂತ ನಾನೇ ಹೇಳ್ಕೊಟ್ಟೆ ಅಂದ್ಲಂತೆ ದುಗ್ಗಿ.

ಹಂಗಾದ್ರೆ ಬಾಯಿ ತೆರೀರಿ ಅಂತ ಈಗಲೇ ಹೇಳು.

ನಾ ಹೇಳಲ್ಲ. ಹೇಳಿದ್ರೂ ಅವು ಕೇಳ್ಬೇಕಾದ್ದಿಲ್ಲ. ಬಾಯಿ ಅವುಗಳದ್ದು.

ದೊರೆಯ ಮುಖ ಕೆಂಡವಾಯ್ತು. ಇವಳಪ್ಪನನ್ನ ಎತ್ತಿ ನೀರಿಗೆ ಹಾಕು ಅಂತ ಆಳಿಗೆ ಹೇಳಿದ. ಆಳು ಎದ್ದು ಜಟ್ಟಪ್ಪನ ಹೆಗಲಿಗೆ ಕೈ ಹಾಕಿದ. ದುಗ್ಗಿ ಅಪ್ಪನನ್ನ ತಬ್ಬಿ ಹಿಡಿದು, ನನ್ನನ್ನೂ ಸೇರಿಸಿ ಎತ್ತು ನೋಡೋಣ ಅಂದ್ಲಂತೆ.

ಆವಾಗ ಟಕ್ ಅಂತ ಒಂದು ಸಪ್ಪಳ. ಈರ ತನ್ನ ಹುಟ್ಟನ್ನ ನೀರಿಂದ ಎತ್ತಿ ದೋಣಿಯೊಳಗೆ ಇಟ್ಟಿದ್ದ. ಇಲಿಯ ಎದೆಯವನು ಅಂದೆನಲ್ಲ, ಅದೇ ಈರ. ಕೈ ಕಟ್ಕೊಂಡು ಕೂತ. ನಡುಗ್ತಾನೇ ಕೂತಿದ್ದ, ಆದ್ರೆ ಕೂತಿದ್ದ. ಕುಪ್ಪ ಅಣ್ಣನ ಮುಖ ನೋಡ್ದ, ತಂಗಿಯ ಮುಖ ನೋಡ್ದ. ಕೈಯಿಂದ ಬೆಳ್ಳಿ ಕಡಗ ಬಿಚ್ಚಿ ದೊರೆಯ ಮಡಿಲಿಗೆ ಎಸ್ದು, ತನ್ನ ಹುಟ್ಟನ್ನೂ ಒಳಗೆ ಎಳ್ಕೊಂಡ್ನಂತೆ.

ಹುಟ್ಟು ಬಿಟ್ಟ ದೋಣಿ ಏನಾಗ್ತದೆ ಮಗಾ, ಅದೂ ಮಳೆಗಾಲದ ಇಳಿತದಲ್ಲಿ? ಕೆಂಪು ನೀರು ದೋಣಿಯನ್ನ ಎಲೆ ಎಳ್ಕೊಂಡು ಹೋದ ಹಂಗೆ ಎಳ್ಕೊಂಡು ಹೊರಟಿತು, ನೇರ ಅಳಿವೆಯ ಬಾಯಿಗೆ. ಅಲ್ಲಿ ಸಮುದ್ರದ ತೆರೆ ಮನೆ ಎತ್ತರ ಎದ್ದು ಬೀಳ್ತಿದೆ. ಆಳು ಹೆದ್ರಿ ಜಟ್ಟಪ್ಪನನ್ನ ಬಿಟ್ಟು ದೋಣಿಯ ಅಂಚು ಹಿಡ್ಕೊಂಡ. ದೊಣ್ಣೆ ನೀರಿಗೆ ಬಿದ್ದು ಹೋಯ್ತು. ಹುಟ್ಟು ಹಾಕ್ರೋ, ಹುಟ್ಟು ಹಾಕ್ರೋ ಅಂತ ದೊರೆ ಬಾಯಿ ಬಾಯಿ ಬಡ್ಕೊಂಡ್ನಂತೆ. ಈರ ಅಲ್ಲಾಡ್ಲಿಲ್ಲ. ಕುಪ್ಪ ಅಲ್ಲಾಡ್ಲಿಲ್ಲ. ಮೊದಲ ತೆರೆ ಬಂದು ಎಲ್ಲರ ತಲೆ ಮೇಲೆ ಸುರೀತು.

ಮೊಟ್ಟೆ ಮೀನು ಇನ್ನು ಕೇಳಲ್ಲ ಅನ್ನು ಅಂದ್ಲು ದುಗ್ಗಿ. ಒಡೆಯಾ ಅನ್ಲಿಲ್ಲ, ಬರೀ ಅನ್ನು ಅಂದ್ಲು.

ಕೇಳಲ್ಲ!

ನೀನೂ ಕೇಳಲ್ಲ, ನಿನ್ನ ಮಕ್ಕಳೂ ಕೇಳಲ್ಲ, ನಮ್ಮ ಹೊಳೆಯಲ್ಲಿ ಯಾವಾಗ ಗಾಳ ಹಾಕ್ಬೇಕು, ಯಾವಾಗ ಬಿಡ್ಬೇಕು ಅಂತ ನಾವು ನೋಡ್ಕೊಳ್ತೇವೆ. ಹೊಳೆ ನೀರು ಕೈಲಿ ಹಿಡಿದು ಹೇಳು.

ದೊರೆ ಬೊಗಸೆಯಲ್ಲಿ ಕೆಂಪು ನೀರು ಹಿಡಿದು, ಅಳ್ತಾ, ಒಂದೊಂದು ಮಾತೂ ಹೇಳಿದ್ನಂತೆ. ಎರಡನೇ ತೆರೆ ಬರೋದ್ರೊಳಗೆ ಈರ ಕುಪ್ಪ ಹುಟ್ಟು ಹಿಡಿದ್ರು. ಆ ಎತ್ತಿನ ಮೈ ಅವತ್ತು ಕೆಲ್ಸಕ್ಕೆ ಬಂತು ನೋಡು. ದೋಣಿಯ ಮೂತಿ ತಿರುಗಿತು, ಒಂದು ಮಾರು ಬಂತು, ಅರ್ಧ ಮಾರು ಹಿಂದೆ ಹೋಯ್ತು, ಮತ್ತೆ ಒಂದು ಮಾರು ಬಂತು, ಹಿಂಗೆ ಅಂತೂ ಇಂತೂ ದಂಡೆ ಮುಟ್ಟಿದ್ರು. ಜಟ್ಟಪ್ಪನ ಕೈಕಟ್ಟು ಬಿಚ್ಚಿ, ಮಕ್ಕಳಿಬ್ರೂ ಅವನನ್ನ ಹೆಗಲ ಮೇಲೆ ಕೂರಿಸ್ಕೊಂಡು ಇಳಿಸಿದ್ರು. ಅಪ್ಪ ಅವರಿಬ್ಬರ ಮುಖ ನೋಡಿ ನಕ್ಕ. ದುಗ್ಗಿ ಇಳಿದ್ಲು, ಎರಡು ಹೆಜ್ಜೆ ಇಟ್ಟು ಮರಳ ಮೇಲೆ ಬಿದ್ದೇಬಿಟ್ಲು. ಊರ ಹೆಂಗಸರು ಓಡಿ ಬಂದು ಅವಳ ತಲೆ ತೊಡೆ ಮೇಲೆ ಇಟ್ಕೊಂಡು ಗಂಜಿ ಕುಡಿಸಿದ್ರಂತೆ. ದೊರೆ ಅಲ್ಲೇ ನಿಂತಿದ್ದ, ಒದ್ದೆ ಕೋಳಿ ಹಂಗೆ. ಅವನಿಗೂ ಒಂದು ಚಿಪ್ಪು ಗಂಜಿ, ಒಂದು ಮಾವಿನಮಿಡಿ ಕೊಟ್ರು. ಬಡ್ಡೀಮಗ, ಎರಡನೇ ಸಲ ಹಾಕಿಸ್ಕೊಂಡು ಕುಡಿದ್ನಂತೆ! ಕೊಟ್ಟ ಮಾತು ಉಳಿಸ್ಕೊಂಡ ಕೂಡ. ಮಾತು ತಪ್ಪಿದ್ರೆ ಆ ಹೊಳೆ ಮೇಲೆ ಯಾವ ಅಂಬಿಗ ಅವನ ದೋಣಿಗೆ ಹುಟ್ಟು ಹಿಡೀತಿದ್ದ ಹೇಳು?

ಆಮೇಲೆ ನೂಲು ಹುಣ್ಣಿಮೆ ಬಂತು. ಊರವರು ಸಮುದ್ರಕ್ಕೆ ಕಾಯಿ ಬಿಟ್ರು. ಆ ವರ್ಷ ಕಂಡ್ಲದ ಬೇರಿನ ಸಂದಿಯಲ್ಲೆಲ್ಲ ಮರಿಯೋ ಮರಿ, ನೀರಿಗೆ ಕಾಲಿಟ್ರೆ ಕಚಗುಳಿ ಇಡೋವಷ್ಟು. ಕುರಡೆ ಅಜ್ಜಿ ದುಗ್ಗಿಯ ದೋಣಿ ಹತ್ರ ಬಂದು ಹೇಳ್ತಂತೆ, ಇನ್ನು ನಾವು ಬಾಯಿ ಬಿಡ್ತೇವೆ ತಂಗೀ, ನೀವೂ ಬದುಕ್ಬೇಕಲ್ಲ. ಆದ್ರೆ ಕಲಿತದ್ದು ಮರೆತು ಹೋಗ್ಬಾರ್ದು, ನಮ್ಮ ಮರಿಗಳಿಗೂ ಬರ್ಬೇಕು. ಅದಕ್ಕೆ ಆಗಾಗ ಒಂದೊಂದು ದಿನ ಅವಕ್ಕೆ ಪಾಠ ಮಾಡ್ತೇವೆ. ಯಾವ ದಿನ ಅಂತ ಮಾತ್ರ ಹೇಳಲ್ಲ.

ಹೇಳ್ಬೇಡ ಅಂದ್ಲಂತೆ ದುಗ್ಗಿ. ನನಗೂ ಹೇಳ್ಬೇಡ.

ಹಂಗಾಗಿ ನೋಡು, ಅಳಿವೆಯಲ್ಲಿ ಎಲ್ಲಾ ಸರಿ ಇರ್ತದೆ, ನೀರು ಸರಿ, ಗಾಳಿ ಸರಿ, ಸಿಗಡಿ ತಾಜಾ, ಆದ್ರೂ ಒಂದೊಂದು ದಿನ ಮೀನು ಕಚ್ಚೋದೇ ಇಲ್ಲ. ದುಗ್ಗಿ ಮದುವೆಯಾಗಿ, ಮಕ್ಕಳಾಗಿ, ನನ್ನ ಹಂಗೆ ಹಲ್ಲುದುರಿದ ಮುದುಕಿಯಾದ ಮೇಲೂ ಗಾಳಕ್ಕೆ ಹೋಗ್ತಿದ್ಲಂತೆ. ಅಂಥ ದಿನ ಪಕ್ಕದ ದೋಣಿಯವರು ಹೊಳೆಗೆ ಶಾಪ ಹಾಕ್ತಿದ್ರೆ, ಇವಳು ನೂಲು ಸುತ್ತಿ ಮಡಿಲಲ್ಲಿಟ್ಕೊಂಡು, ನೀರಿಗೆ ಬಗ್ಗಿ, ಕಲೀರಿ ಕಲೀರಿ, ಚೆನ್ನಾಗಿ ಕಲೀರಿ ಅಂತ ನಗ್ತಾ ಖಾಲಿ ಬುಟ್ಟಿ ಹೊತ್ಕೊಂಡು ಮನೆಗೆ ಹೋಗ್ತಿದ್ಲಂತೆ.

ಅವರೆಲ್ಲ ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಬೆಚ್ಚಗಿದ್ದೇವೆ. ಇಷ್ಟೇ ಮಗಾ, ಕತೆ ದಂಡೆ ಮುಟ್ತು.